ಷಡಕ್ಷರಿಯ ಎಡಗಿವಿ ಮತ್ತು ಗುಬ್ಬಿಯ ಫ್ಯಾನು

ತುಮಕೂರು ಸೀಮೆಯಲ್ಲಿ ಕಂಪ್ಯೂಟರ್ ಎಂಬುದು ಇನ್ನೂ ಹೊಸ ಸೊಸೆಯಂತೆ ಮೈತುಂಬ ಬಟ್ಟೆ ಹೊದ್ದು ಮೂಲೆಯಲ್ಲಿ ಕೂರುತ್ತಿದ್ದ ಕಾಲ. ಆಗ ಆ ಯಂತ್ರದ ಸಕಲ ರೋಗಗಳೂ ಹೆದರಿ ನಡುಗುತ್ತಿದ್ದದ್ದು ಒಂದೇ ಒಂದು ಅಂಗಕ್ಕೆ. ಅದು ಗೂಳೂರಿನ ಷಡಕ್ಷರಿಯ ಎಡಗಿವಿ.

ಅವನು ಕೆಲಸ ಶುರುಮಾಡುವ ವೈಖರಿಯನ್ನು ನೋಡಲೆಂದೇ ಜನ ಸೇರುತ್ತಿದ್ದರು. ಕಂಪ್ಯೂಟರಿನ ಡಬ್ಬದ ಪಕ್ಕದ ಮುಚ್ಚಳ ಬಿಚ್ಚುವನು. ಒಳಕ್ಕೊಮ್ಮೆ ಉಫ್ ಎಂದು ಊದುವನು. ಆಮೇಲೆ ಕಣ್ಣು ಮುಚ್ಚಿ, ಕತ್ತು ತಿರುಗಿಸಿ, ಎಡಗಿವಿಯನ್ನು ಯಂತ್ರದ ಗರ್ಭಕ್ಕೆ ಒಡ್ಡಿ ನಿಂತುಬಿಡುವನು. ಆ ಹೊತ್ತಿನಲ್ಲಿ ಕೆಮ್ಮು ಬಂದವರೂ ಆಚೆ ಹೋಗಿ ಕೆಮ್ಮಿ ಬರುತ್ತಿದ್ದರು. ಕ್ಯಾತ್ಸಂದ್ರದ ಹಾಸ್ಟೆಲ್ ಹುಡುಗರ ಪ್ರಕಾರ ಅವನು ಹೆದ್ದಾರಿಯ ಲಾರಿಯ ಸದ್ದು ಕೇಳಿಯೇ ಯಾವ ಚಕ್ರದಲ್ಲಿ ಗಾಳಿ ಕಡಿಮೆ ಎಂದು ಹೇಳಬಲ್ಲವನಾಗಿದ್ದ. ಗೂಳೂರಿನವರು ಅಷ್ಟಕ್ಕೇ ಬಿಡಲಿಲ್ಲ. ಮರದ ಮೇಲಿರುವ ಎಳನೀರಿನಲ್ಲಿ ಗಂಜಿ ಕಟ್ಟಿದೆಯೋ ಇಲ್ಲವೋ ಎಂಬುದನ್ನು ಕೆಳಗೆ ನಿಂತೇ ಕೇಳಿಸಿಕೊಳ್ಳುತ್ತಾನೆ ಎಂದರು. ಹಾಗೆ ಹೇಳಿದವರಲ್ಲಿ ಮುಕ್ಕಾಲು ಪಾಲು ಅವನ ನೆಂಟರು.

ಈ ಕೀರ್ತಿ ಹುಟ್ಟಿದ್ದು ಕುಣಿಗಲ್ಲಿನಲ್ಲಿ. ಅಲ್ಲಿನ ಒಂದು ಟೈಪಿಂಗ್ ಶಾಲೆಯವರು ಹೊಸದಾಗಿ ತಂದಿದ್ದ ಕಂಪ್ಯೂಟರ್ ಕಟಕಟ ಎಂದು ಹಲ್ಲು ಕಡಿಯತೊಡಗಿತ್ತು. ಷಡಕ್ಷರಿ ಮೊಪೆಡ್ ಏರಿ ಹೋದ, ಊದಿದ, ಕಿವಿ ಒಡ್ಡಿದ. 'ಫ್ಯಾನಿಗೆ ವೈರ್ ತಗುಲ್ತಾ ಇದೆ' ಎಂದ. ತಗುಲುತ್ತಿತ್ತು. ವೈರನ್ನು ಪಕ್ಕಕ್ಕೆ ಸರಿಸಿದೊಡನೆ ಸದ್ದು ನಿಂತಿತು, ಕುಣಿಗಲ್ ತಲೆಬಾಗಿತು. ಆ ಕಾಲದಲ್ಲಿ ಫ್ಯಾನಿಗೆ ವೈರ್ ತಗುಲದ ಕಂಪ್ಯೂಟರೇ ಅಪರೂಪವಾಗಿತ್ತು ಎಂಬ ಸಣ್ಣ ಸಂಗತಿಯನ್ನು ಯಾರೂ ಎತ್ತಲಿಲ್ಲ. ದಿಗ್ವಿಜಯದ ಹೊತ್ತಿನಲ್ಲಿ ಅಂಥದ್ದನ್ನು ಎತ್ತಬಾರದು.

ಷಡಕ್ಷರಿ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ. ಜನ ರೇಡಿಯೋ ಕೇಳುವುದು ಬಿಟ್ಟಾಗ ಟೀವಿಗೆ ಹಾರಿದ, ಟೀವಿಯವರ ಸಂಖ್ಯೆ ಹೆಚ್ಚಾದಾಗ ಕಂಪ್ಯೂಟರಿಗೆ ಹಾರಿದ. ತುಮಕೂರಿನ ಬಸ್ ಸ್ಟ್ಯಾಂಡ್ ಹಿಂದೆ ಒಂದು ಮಳಿಗೆ ಹಿಡಿದು 'ಕಂಪ್ಯೂಟರ್ ಚಿಕಿತ್ಸಾಲಯ' ಎಂದು ಬೋರ್ಡು ಹಾಕಿಸಿದ. ಬಿಪಿ ನೋಡಿಸಿಕೊಳ್ಳಲು ಬಂದ ಮುದುಕರನ್ನೂ ಅವನು ಬರಿಗೈಲಿ ಕಳಿಸುತ್ತಿರಲಿಲ್ಲ, ಕೂರಿಸಿ ಟೀ ಕುಡಿಸುತ್ತಿದ್ದ. ಇಂಥ ಮಹಾಪುರುಷನಿಗೆ ಮದುವೆಯ ವಯಸ್ಸು ಮೀರುತ್ತಿತ್ತು. ಹೆಣ್ಣು ಕೊಡುವವರು ಕೇಳುತ್ತಿದ್ದದ್ದು ನೌಕರಿಯ ಬಗ್ಗೆ, ಕಿವಿಯ ಬಗ್ಗೆ ಯಾರೂ ಕೇಳುತ್ತಿರಲಿಲ್ಲ.

ಕೇಳಿದವರು ಗುಬ್ಬಿಯ ಶಿವಮೂರ್ತಿ. ಅವರದು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಟೈಪು ಮಾಡಿಕೊಡುವ ಡಿಟಿಪಿ ಅಂಗಡಿ. ಇದ್ದದ್ದು ಒಂದೇ ಕಂಪ್ಯೂಟರ್. ಅದರ ಮುಂದೆ ಕೂರುತ್ತಿದ್ದವಳು ಮಗಳು ತ್ರಿವೇಣಿ. ಗುಬ್ಬಿಯ ಅರ್ಧ ಮದುವೆಗಳು ಅವಳ ಬೆರಳ ತುದಿಯಲ್ಲಿ ನಡೆದಿದ್ದವು, ಅವಳದೊಂದು ಬಿಟ್ಟು. ಹುಡುಗ ಬಂದು ಹೋಗಲಿ, ನೋಡೋಣ ಎಂದು ಶಿವಮೂರ್ತಿಯವರು ಷಡಕ್ಷರಿಯನ್ನು ಆಯುಧಪೂಜೆಯ ದಿನವೇ ಕರೆಸಿಕೊಂಡರು.

ಕಂಪ್ಯೂಟರಿಗೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಪರದೆಯ ಹಣೆಗೆ ವಿಭೂತಿ ಬಳಿಯಲು ಹೊರಟಿದ್ದರು. ಷಡಕ್ಷರಿ ತಡೆದ. ಭಾವಿ ಮಾವನ ಮುಂದೆ ವಿದ್ಯೆ ತೋರಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ? ಪರದೆ ಬರೀ ಮುಖ, ಮೆದುಳು ಇರುವುದು ಡಬ್ಬದೊಳಗೆ, ಪೂಜೆ ಸಲ್ಲಬೇಕಾದ್ದು ಮೆದುಳಿಗೆ ಎಂದು ಸಾರಿ ಮುಚ್ಚಳ ಬಿಚ್ಚಿದ. ಆ ಮೆದುಳು ಬಹಳ ಬೇಗ ಕಾಯುವುದರಿಂದ ಅದರ ತಲೆಯ ಮೇಲೆ ಅಂಗೈಯಗಲದ ಒಂದು ಫ್ಯಾನು ಕೂತು ಗಾಳಿ ಹಾಕುತ್ತಿರುತ್ತದೆ. ಹಬ್ಬದ ದಿನ ಯಂತ್ರಕ್ಕೆ ರಜೆ, ಹಾಗಾಗಿ ಫ್ಯಾನು ನಿಂತಿತ್ತು. ಷಡಕ್ಷರಿ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಗಟ್ಟಿಯಾಗಿ ತೇಯ್ದು, ಮೂರು ಬೆರಳು ತುಂಬ ತೆಗೆದು, ಫ್ಯಾನಿನ ಒಂದು ಪಕ್ಕದ ರೆಕ್ಕೆಗಳ ಮೇಲೆ ದಪ್ಪವಾಗಿ ಎಳೆದ. ಶಿವಮೂರ್ತಿಯವರ ಕಣ್ಣು ಒದ್ದೆಯಾಯಿತು. ಇಷ್ಟು ದೈವಭಕ್ತಿಯಿರುವ ಮೆಕ್ಯಾನಿಕ್ಕನ್ನು ಅವರು ನೋಡಿರಲಿಲ್ಲ.

ವಿಜಯದಶಮಿ ಕಳೆದು ಕಂಪ್ಯೂಟರ್ ಹಾಕಿದಾಗ ಅದು ಗುರ್ರೆಂದಿತು. ಗುರ್ರೆಂದದ್ದಲ್ಲದೆ ಮೇಜನ್ನೂ ನಡುಗಿಸಿತು, ಪಕ್ಕದಲ್ಲಿದ್ದ ಸ್ಟೀಲ್ ಲೋಟ ಮೆಲ್ಲಗೆ ನಡೆದುಕೊಂಡು ಹೋಗಿ ಕೆಳಗೆ ಬಿತ್ತು. ಲಗ್ನಪತ್ರಿಕೆ ಬರೆಸಲು ಬಂದವರು ವರನ ಹೆಸರನ್ನು ಕೂಗಿ ಹೇಳಬೇಕಾಯಿತು, ರಸ್ತೆಯವರಿಗೆಲ್ಲ ವಿಷಯ ಗೊತ್ತಾಯಿತು. ಶಿವಮೂರ್ತಿಯವರು ಫೋನು ಮಾಡಿ ಷಡಕ್ಷರಿಗೆ ಒಂದೇ ಮಾತು ಹೇಳಿದರು: 'ಮೊದ್ಲು ಈ ಸದ್ದು ನಿಲ್ಸಪ್ಪ. ಸಂಬಂಧದ ಮಾತು ಆಮೇಲೆ.' ಕುಣಿಗಲ್ಲಿನ ಒಬ್ಬ ಲೆಕ್ಚರರು ದೀಪಾವಳಿ ಮುಗಿಸಿಕೊಂಡು ಹೆಣ್ಣು ನೋಡಲು ಬರುತ್ತೇನೆಂದಿರುವ ಸುದ್ದಿಯನ್ನೂ ಜೊತೆಗೆ ಸೇರಿಸಿದರು.

ಹಿಂದಿನ ಕಾಲದ ಸ್ವಯಂವರದಲ್ಲಿ ಬಿಲ್ಲು ಎತ್ತಬೇಕಿತ್ತು, ಇಲ್ಲಿ ಫ್ಯಾನು ಸುಮ್ಮನಾಗಬೇಕಿತ್ತು. ಷಡಕ್ಷರಿ ಬಂದ, ಊದಿದ, ಕಣ್ಣು ಮುಚ್ಚಿ ಎಡಗಿವಿ ಒಡ್ಡಿದ. ಎಣ್ಣೆ ಒಣಗಿದೆ ಎಂದು ತೀರ್ಪು ಕೊಟ್ಟ. ಫ್ಯಾನು ಬಿಚ್ಚಿ, ಬೋರಲು ಹಾಕಿ, ಬುಡದ ಸ್ಟಿಕ್ಕರ್ ಎಬ್ಬಿಸಿ, ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟ. ರೆಕ್ಕೆಯ ಮೇಲಿನ ವಿಭೂತಿ ಅಳಿಸದಂತೆ ಎಷ್ಟು ಜೋಪಾನ ಮಾಡಿದನೆಂದರೆ ಶಿವಮೂರ್ತಿಯವರ ಕಣ್ಣು ಮತ್ತೊಮ್ಮೆ ಒದ್ದೆಯಾಯಿತು. ಫ್ಯಾನು ಎಣ್ಣೆ ಕುಡಿದು ಇನ್ನೂ ಹುರುಪಿನಿಂದ ಗುರ್ರೆಂದಿತು.

ಮುಂದಿನ ಸಲ ಸೈಕಲ್ ಟ್ಯೂಬು ಕತ್ತರಿಸಿ ಡಬ್ಬದ ನಾಲ್ಕು ಮೂಲೆಗೂ ಇಟ್ಟ. ಅದರ ಮುಂದಿನ ಸಲ, ದೋಷ ಯಂತ್ರದಲ್ಲಿಲ್ಲ, ಗುಬ್ಬಿಯ ಕರೆಂಟಿನಲ್ಲೇ ಇದೆ ಎಂದ. ಎದುರಿನ ಜೆರಾಕ್ಸ್ ಅಂಗಡಿಯ ಅಂಜನಮೂರ್ತಿಗೆ ಇದು ತಡೆಯಲಾಗಲಿಲ್ಲ. 'ಅದೇ ಕರೆಂಟಲ್ಲಿ ನನ್ ಮಿಷನ್ನು ಸುಮ್ಕೆ ಓಡ್ತದಲ್ಲೋ. ಹೆಣ್ ನೋಡಕ್ ಬಂದೋನು ದಿನಾ ಫ್ಯಾನ್ ನೋಡ್ಕಂಡ್ ಹೋಗ್ತೀಯ. ಅದುನ್ನೇ ಕಟ್ಕಬುಡು ಅತ್ಲಾಗೆ' ಎಂದ. ಒಳಗೆ ತ್ರಿವೇಣಿ ನಕ್ಕದ್ದು ಆ ಗುರ್ರಿನ ನಡುವೆಯೂ ಷಡಕ್ಷರಿಯ ಎಡಗಿವಿಗೆ ಕೇಳಿಸಿತು. ಅಷ್ಟರ ಮಟ್ಟಿಗೆ ಕಿವಿ ಚುರುಕಾಗಿಯೇ ಇತ್ತು.

ಕೊನೆಗೆ ಬೆಂಗಳೂರಿಗೆ ಹೋಗಿ ಹೊಸ ಫ್ಯಾನನ್ನೇ ತಂದ. ಹೊಸ ಸಾಮಾನನ್ನು ಪೂಜೆಯಿಲ್ಲದೆ ಶುರುಮಾಡುವುದುಂಟೇ? ವಿಭೂತಿ ತೇಯ್ದ, ಮೂರು ಬೆರಳಿನಲ್ಲಿ ಎಳೆದ, ಊದುಬತ್ತಿ ಬೆಳಗಿದ, ಒಣಗಲು ಬಿಟ್ಟು ಊಟ ಮಾಡಿ ಬಂದು ಸ್ವಿಚ್ ಹಾಕಿದ. ಹೊಸ ಫ್ಯಾನು ಹೊಸ ರಕ್ತದ ರೋಷದಿಂದ ಗುರ್ರೆಂದಿತು. ಅಂಗಡಿಯವನು ಮೋಸ ಮಾಡಿದ ಎಂದು ಇನ್ನೊಂದು ತರಲು ಹೋದ. ಅಷ್ಟರಲ್ಲಿ ನರಕ ಚತುರ್ದಶಿ ಬಾಗಿಲಿಗೆ ಬಂದಿತ್ತು. ಲೆಕ್ಚರರ ಕಡೆಯವರು ಫೋನು ಮಾಡಿ, ಎಷ್ಟು ಜನ ಬರುತ್ತೇವೆ, ಉಪ್ಪಿಟ್ಟಿಗೆ ಈರುಳ್ಳಿ ಹಾಕಿಸಬೇಡಿ ಎಂಬಲ್ಲಿಯವರೆಗೆ ಮಾತು ಮುಂದುವರಿಸಿದ್ದರು.

ಎರಡನೆಯ ಹೊಸ ಫ್ಯಾನು ಕೂರಿಸಿ ಷಡಕ್ಷರಿ ವಿಭೂತಿಯ ಬಟ್ಟಲಿಗೆ ಕೈ ಹಾಕಿದ. ಅಷ್ಟು ದಿನವೂ ದೂರ ಕೂತು ನೋಡುತ್ತಿದ್ದ ತ್ರಿವೇಣಿ ಎದ್ದು ಬಂದು ಬಟ್ಟಲನ್ನು ಆಚೆಗೆ ಸರಿಸಿದಳು.

'ಪೂಜೆ ಆಮೇಲೆ ಮಾಡಿ. ಒಂದ್ಸಲ ಹಂಗೇ ಆನ್ ಮಾಡಿ ನೋಡಣ.'

ಶಿವಮೂರ್ತಿಯವರು ಅಪಚಾರ ಎಂದರು. ಅವಳು ಕೇಳದೆ ತಾನೇ ಸ್ವಿಚ್ ಒತ್ತಿದಳು. ಯಾವ ಸದ್ದೂ ಕೇಳಿಸಲಿಲ್ಲ. ಶಿವಮೂರ್ತಿಯವರು ಬೆಚ್ಚಿ, ಯಂತ್ರ ಸತ್ತೇಹೋಯಿತೇ ಎಂದರು. ಪರದೆ ಬೆಳಗಿತು, ತ್ರಿವೇಣಿ ತೆರೆದೊಡನೆ ಅರ್ಧ ಟೈಪಾಗಿದ್ದ ಯಾರದೋ ಲಗ್ನಪತ್ರಿಕೆ ಮೂಡಿತು. ಫ್ಯಾನು ಕಣ್ಣಿಗೆ ಕಾಣದಷ್ಟು ವೇಗವಾಗಿ, ಸದ್ದೇ ಇಲ್ಲದೆ ತಿರುಗುತ್ತಿತ್ತು. ಅವಳು ಯಂತ್ರ ಆರಿಸಿ, ಫ್ಯಾನು ನಿಂತ ಮೇಲೆ ಬಟ್ಟಲನ್ನು ತಂದೆಯ ಕೈಗೇ ಕೊಟ್ಟು, ಈಗ ಬಳಿಯಿರಿ ಎಂದಳು. ಬಳಿದರು. ಒಣಗಿದ ಮೇಲೆ ಸ್ವಿಚ್ ಹಾಕಿದಳು. ಗುರ್ರ್. ಲೋಟ ನಡೆಯತೊಡಗಿತು.

ಒಂದೇ ಪಕ್ಕಕ್ಕೆ ಭಾರ ಹೇರಿದರೆ ಎತ್ತಿನ ಗಾಡಿಯೂ ನೆಟ್ಟಗೆ ಹೋಗುವುದಿಲ್ಲ, ಇನ್ನು ಅಂಗೈಯಗಲದ ಫ್ಯಾನು ಹೇಗೆ ತಿರುಗೀತು? ಮೂವರೂ ಅದನ್ನು ದಿನಾ ನೋಡಿದ್ದರು. ಆದರೆ ಬಳಿದ ವಿಭೂತಿಯನ್ನು ಒರೆಸಬೇಕು ಎಂಬ ಯೋಚನೆ ಆ ಮನೆಯಲ್ಲಿ ಯಾರಿಗೆ ತಾನೇ ಬರಬೇಕು? ತ್ರಿವೇಣಿ ಒದ್ದೆ ಬಟ್ಟೆಯಿಂದ ಒರೆಸಿ, ಡಬ್ಬದ ಹೊರಮೈಗೆ ಮೂರು ಎಳೆ ಎಳೆದು, ದೇವರನ್ನೂ ಗಿರಾಕಿಗಳನ್ನೂ ಒಟ್ಟಿಗೆ ಸಮಾಧಾನ ಮಾಡಿದಳು.

ಶಿವಮೂರ್ತಿಯವರ ಕಣ್ಣು ಈ ಸಲ ಒದ್ದೆಯಾಗಲಿಲ್ಲ, ಕೆಂಪಾಯಿತು. 'ಮೊದ್ಲು ಬಳ್ದೋನು ನೀನೇ ಅಲ್ವೇನಪ್ಪ' ಎಂದರು. ಈ ಹುಡುಗನನ್ನು ಏನು ಮಾಡುವುದೆಂದು ನೀನೇ ಹೇಳು ಎಂಬಂತೆ ಮಗಳ ಕಡೆ ತಿರುಗಿದರು. ಎದುರಂಗಡಿಯ ಅಂಜನಮೂರ್ತಿ ಜೆರಾಕ್ಸ್ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದ. ಷಡಕ್ಷರಿ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಜೇಬಿಗೆ ಸೇರಿಸುತ್ತಿದ್ದ.

ತ್ರಿವೇಣಿ ಹೇಳಬೇಕಾದ್ದನ್ನು ಹೇಳದೆ ಅವನನ್ನೇ ಕೇಳಿದಳು: 'ನಿಜ ಹೇಳಿ. ಇಷ್ಟ್ ದಿನ ಕಣ್ ಮುಚ್ಕೊಂಡು, ಕಿವಿ ಕೊಟ್ಕೊಂಡು ನಿಲ್ತಿದ್ರಲ್ಲ, ಅದ್ರೊಳಗೆ ಏನ್ ಕೇಳಿಸ್ತಿತ್ತು ನಿಮಗೆ?'

ಬೇರೆ ಯಾರಾದರೂ ಆಗಿದ್ದರೆ ನಾದ, ಕಂಪನ, ಅನುಭವ ಎಂದು ಒಂದು ಗಂಟೆ ಕೊರೆದು ಮಾನ ಉಳಿಸಿಕೊಳ್ಳುತ್ತಿದ್ದರು. ಕುಣಿಗಲ್ಲಿನ ಲೆಕ್ಚರರಾಗಿದ್ದರೆ ಎರಡು ಗಂಟೆ. ಷಡಕ್ಷರಿ ಕೊಟ್ಟದ್ದು ಎರಡು ಸಾಲಿನ ಉತ್ತರ. ಅದನ್ನು ಕೇಳಿದ ಮೇಲೆಯೇ ತ್ರಿವೇಣಿ ಕುಣಿಗಲ್ಲಿನವರಿಗೆ ಬರಬೇಡಿ ಎಂದು ಅಪ್ಪನಿಂದ ಫೋನು ಮಾಡಿಸಿದ್ದು, ಕಾರ್ತೀಕ ಕಳೆಯುವಷ್ಟರಲ್ಲಿ ಅದೇ ಕಂಪ್ಯೂಟರಿನಲ್ಲಿ ತನ್ನ ಲಗ್ನಪತ್ರಿಕೆಯನ್ನು ತಾನೇ ಟೈಪು ಮಾಡಿಕೊಂಡದ್ದು. ಆ ಉತ್ತರವನ್ನು ಅವಳು ಈಗಲೂ ನೆಂಟರ ಮುಂದೆಲ್ಲ ಅವನ ದನಿಯಲ್ಲೇ ಹೇಳಿ ತೋರಿಸುತ್ತಾಳೆ:

'ಏನೂ ಕೇಳಿಸ್ತಿರಲಿಲ್ಲ ಕಣ್ರೀ. ಊದಿದ್ರೆ ಧೂಳೆಲ್ಲ ಮುಖಕ್ಕೆ ಬರುತ್ತೆ, ಅದಕ್ಕೆ ಕಣ್ ಮುಚ್ಕೊಂಡು ಆ ಕಡೆ ತಿರುಗ್ತೀನಿ.'