ಅಣ್ಣನ ಹೆಬ್ಬೆರಳು ಕುಣಿದದ್ದು

ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯೊಳಗೆ, ಮೇಲಿನ ಗಳುವಿನಿಂದ ಅಣ್ಣ ಅಂಗಾತ ಬಿದ್ದಿದ್ದ. ಮೈಸೂರಿನ ಆಸ್ಪತ್ರೆಯಲ್ಲಿ ಅವನ ನೆತ್ತಿಗೆ ತಂತಿ ಅಂಟಿಸಿ, ಕಣಕಾಲಿನ ನರಕ್ಕೆ ಸಣ್ಣದಾಗಿ ಕರೆಂಟು ಕೊಟ್ಟರು. ಅದರ ಅರಿವು ಮಿದುಳನ್ನು ಮುಟ್ಟಿದರೆ ಪರದೆಯಲ್ಲಿ ಅಲೆ ಏಳಬೇಕಿತ್ತು.

ಕರೆಂಟಿನ ಹೊಡೆತಕ್ಕೆ ಅವನ ಕಾಲಿನ ಹೆಬ್ಬೆರಳು ಟಕಟಕ ಕುಣಿಯತೊಡಗಿತು.

“ಬೆರಳು ಆಡ್ತಾದೆ ಕಣಣ್ಣ!” ಎಂದೆ.

“ಯಾರ್ದ್ಲಾ?” ಎಂದ ಅಣ್ಣ, ಸೂರು ನೋಡುತ್ತಾ.

ಪರದೆಯ ಗೆರೆ ಅಲುಗಲಿಲ್ಲ. “ಇವರನ್ನ ಹೇಗೆ ಕರ್ಕೊಂಡು ಬಂದ್ರಿ?” ಎಂದು ಡಾಕ್ಟರು ಕೇಳಿದರು.

ನಾನೂ ಪಕ್ಕದ ಹೊಲದವನೂ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ತಂದಿದ್ದೆವು. ಹುಣಸೂರು ದಾಟುವವರೆಗೂ ಬೆನ್ನು, ಕಾಲು ಎಂದು ನರಳುತ್ತಲೇ ಇದ್ದ. ಬಿಳಿಕೆರೆಯ ಹತ್ತಿರ ಗುಂಡಿಯೊಂದರಲ್ಲಿ ಬೈಕು ಎಗರಿದ ಮೇಲೆ, “ಈಗ ಕಾಲು ನೋಯ್ತಿಲ್ಲ ಕಣ್ಲಾ” ಎಂದ. ನಾವು ಖುಷಿಪಟ್ಟು ಇನ್ನೂ ಜೋರಾಗಿ ಓಡಿಸಿದ್ದೆವು.