ಆನೆ ನೋಡಲು ಹೊರಟ ದೊಡ್ಡತಾಯಮ್ಮ

ನಮ್ಮ ಅತ್ತೆ ದೊಡ್ಡತಾಯಮ್ಮನವರು ತಮ್ಮ ಬದುಕಿನಲ್ಲಿ ಎಷ್ಟು ಆನೆ ಮಾಡಿದ್ದಾರೋ ಅವರಿಗೇ ಗೊತ್ತಿಲ್ಲ. ನಾಗಮಂಗಲದ ಕಂಚುಗಾರರ ಕೇರಿಯಲ್ಲಿ ಹಿತ್ತಾಳೆ ಕರಗಿಸಿ ಎರೆಯುವುದು ಗಂಡಸರ ಕೆಲಸ. ಅದಕ್ಕೆ ಮೊದಲು ಜೇನುಮೇಣದಲ್ಲಿ ಗೊಂಬೆ ತಿದ್ದಿ ಕೊಡುವುದು ನಮ್ಮ ಮನೆಯಲ್ಲಿ ಅತ್ತೆಯ ಕೆಲಸ. ದೀಪದ ಕಂಬ ಹೊತ್ತು ಕಾಲು ಮಡಚಿ ಕುಳಿತ ಆನೆ ಎಂದರೆ ಸಾಕು, ಯಾವ ಸಂತೆಯಲ್ಲಿ ಕಂಡರೂ ಅದು ನಮ್ಮ ಮನೆಯದೇ ಎಂದು ಜನ ಗುರುತು ಹಿಡಿಯುತ್ತಿದ್ದರು.

ಆದರೆ ಅತ್ತೆ ಜೀವವಿರುವ ಆನೆಯನ್ನು ಒಮ್ಮೆಯೂ ಕಂಡವರಲ್ಲ. ಸುಲ್ತಾನರ ದಂಡು ಊರ ಮೇಲೆ ಹಾದುಹೋದಾಗಲೆಲ್ಲ ಹೆಂಗಸರು ಬಾಗಿಲಿಗೆ ಅಗಳಿ ಹಾಕಿಕೊಂಡು ಒಳಗೆ ಕೂರಬೇಕು, ಅದು ಕೇರಿಯ ಕಟ್ಟಳೆ. ಒಳಗಿನಿಂದ ಆನೆಯ ಗಂಟೆ ಕೇಳಿದ್ದರು. ಮಾರನೆಯ ದಿನ ಬೀದಿಯಲ್ಲಿ ಲದ್ದಿ ನೋಡಿದ್ದರು. ಮಿಕ್ಕದ್ದೆಲ್ಲ ಅವರ ಮಾವ ಹೇಳಿಕೊಟ್ಟದ್ದು.

ಆ ವರ್ಷ ದೀಪಾವಳಿ ಕಳೆದ ಮೇಲೆ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಿಂದ ವರ್ತಕನೊಬ್ಬ ಬಂದ. ದೀಪವನ್ನು ಎತ್ತಿ ತಿರುಗಿಸಿ ನೋಡಿ, ಗಟ್ಟಿಯಾಗಿ ನಕ್ಕು, “ಏನಮ್ಮಾ, ಎಮ್ಮೆಗೆ ಸೊಂಡಿಲು ಇಟ್ಟಿದ್ದೀರಲ್ಲ!” ಎಂದ. ಅಂದವನು ದೀಪವನ್ನೇನೋ ಕೊಂಡೇ ಹೋದ. ಅತ್ತೆ ಮಾತ್ರ ಅಂದಿನಿಂದ ಮೇಣ ಮುಟ್ಟಲಿಲ್ಲ.

ಒಂದು ಬೆಳಗ್ಗೆ ನಾನು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಾಗ ಪಕ್ಕಕ್ಕೆ ಬಂದು ಕುಳಿತರು. ಅವರ ಎಡಗಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು.

“ಬಲಗಣ್ಣಲ್ಲೂ ಮಂಜು ಇಳೀತಾ ಅದೆ ಕಣವ್ವ” ಎಂದರು. “ಕಾಳಪ್ಪಂಗೆ ಯೋಳ್ಬ್ಯಾಡ. ಪೂರಾ ಮುಚ್ಚೋಗಕೆ ಮುಂಚೆ ಒಂದ್ಸಲ ಆನೆ ನೋಡ್ಬುಡ್ಬೇಕು. ಎಮ್ಮೆ ಅಂದ್ನಲ್ಲಾ ಅವ್ನು!”

ಕಾಳಪ್ಪ ಎಂದರೆ ನಮ್ಮ ಯಜಮಾನರು. ಆನೆ ನೋಡಬೇಕಾದರೆ ಶ್ರೀರಂಗಪಟ್ಟಣಕ್ಕೇ ಹೋಗಬೇಕು. ನಮ್ಮ ಕಡೆ ಅದಕ್ಕೆ ಬರಿಯ ಪಟ್ಟಣ ಎಂದೇ ಹೆಸರು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ನಮ್ಮಪ್ಪ ಟಂಕಸಾಲೆಯಲ್ಲಿ ನಾಣ್ಯದ ಅಚ್ಚು ಕೊರೆಯುತ್ತಿದ್ದರು. ಅಕ್ಷರ ತಿಳಿಯದೆ ಅಚ್ಚು ಕೊರೆಯಲಾಗದು ಎಂದು, ಗಂಡುಮಕ್ಕಳಿಲ್ಲದ ಅವರು ನನ್ನನ್ನೇ ಮಠದ ಅಯ್ಯನವರ ಬಳಿ ಓದಲು ಕೂರಿಸಿದ್ದರು. ಈಗ ಅವರನ್ನು ದೂರದ ಮಲೆನಾಡಿನ ನಗರದ ಟಂಕಸಾಲೆಗೆ ಕಳಿಸಿಬಿಟ್ಟಿದ್ದರಿಂದ ಪಟ್ಟಣದಲ್ಲಿ ನಮ್ಮದೆನ್ನುವ ಮನೆ ಉಳಿದಿರಲಿಲ್ಲ. ಆದರೂ ಆನೆಗಳು ಯಾವ ಕಡೆ ಹೊಳೆಗೆ ಇಳಿಯುತ್ತವೆ ಎಂಬುದು ನನಗೆ ಗೊತ್ತಿತ್ತು. ದಾರಿ ತೋರಿಸಲು ನಾನು ಹೋಗದೆ ವಿಧಿಯಿಲ್ಲ. ನಾನು ಹೋದರೆ ಕೂಸೂ ಬರಬೇಕು. ಅದಕ್ಕಿನ್ನೂ ವರ್ಷ ತುಂಬಿಲ್ಲ. ಹೊರಗೆ ಮಾಗಿಯ ಚಳಿ.

ಅತ್ತೆಗೆ ಹೂಂ ಎಂದದ್ದೇನೋ ನಿಜ. ಆಮೇಲೆ ನನಗೆ ನಿದ್ದೆ ಬರಲಿಲ್ಲ. ಮಂಜಿನಲ್ಲಿ ಕೂಸಿಗೆ ನೆಗಡಿಯಾದರೆ? ಗಾಡಿ ಮಗುಚಿದರೆ? ನಾವು ತಲುಪುವಷ್ಟರಲ್ಲಿ ಕೋಟೆ ಬಾಗಿಲು ಹಾಕಿಬಿಟ್ಟರೆ? ಸಂತೆಯಲ್ಲಿ ಯಾರಾದರೂ ಕೂಸಿನ ಕಾಲ್ಗಡಗ ಕಿತ್ತುಕೊಂಡರೆ? ಇದನ್ನೆಲ್ಲ ಯಜಮಾನರ ಮುಂದೆ ಹೇಳಿದರೆ, “ಅಂಗಾದ್ರೆ ಆನೇನೇ ಇಲ್ಲಿಗೆ ಬರಕ್ಕೇಳು” ಎಂದು ಮಗ್ಗುಲಾದರು. ಅವರಿಗೆ ಹೇಗೂ ಗಂಜಾಮಿಗೆ ದೀಪ ಸಾಗಿಸುವುದಿತ್ತು. ಪಕ್ಕದ ಹೊಲದ ಜವರಯ್ಯನ ಗಾಡಿ ಗೊತ್ತಾಯಿತು.

ನಾನು ಒಂದೊಂದು ಹೊತ್ತಿಗೂ ಒಂದೊಂದು ನೋಟ ಎಂದು ಮನಸ್ಸಿನಲ್ಲೇ ಹೊಂದಿಸಿಟ್ಟಿದ್ದೆ. ಮೊದಲು ರಂಗನಾಥಸ್ವಾಮಿ, ಆಮೇಲೆ ಹೊಸ ಮಸೀದಿಯ ಜೋಡಿ ಮಿನಾರು, ಹೊಳೆಯ ಪಕ್ಕದ ತೋಟ, ಗಂಜಾಮಿನ ಪೇಟೆ, ಕೊನೆಗೆ ಆನೆ. ಅತ್ತೆ ಎಲ್ಲಕ್ಕೂ ತಲೆಯಾಡಿಸಿ, “ಅದೆಲ್ಲ ಸರಿ, ಊಟಕ್ಕೇನು?” ಎಂದರು.

ಅಲ್ಲೇ ತೊಡಕು. ನಮ್ಮ ಜನ ಬೇರೆಯವರ ಒಲೆಯ ಅನ್ನ ಮುಟ್ಟುವುದಿಲ್ಲ. ಅತ್ತೆಯಂತೂ ಬೇರೆಯವರ ಮನೆಯ ಮಜ್ಜಿಗೆಯನ್ನೂ ಕುಡಿದವರಲ್ಲ.

“ಛತ್ರದಲ್ಲಿ ಕಲ್ಲು ಹೂಡಿ ನಾವೇ ಬೇಯಿಸಿಕೊಳ್ಳೋಣ ಅತ್ತೆ. ರಾಗಿಹಿಟ್ಟು ಕಟ್ಟಿಕೊಳ್ತೀನಿ” ಎಂದೆ.

“ಪಟ್ಣಕ್ಕೋಗಿ ಅಲ್ಲೂ ನಾವೇ ಮುದ್ದೆ ತಿರುವಾದಾ? ಅದ್ಕೆ ಗಾಡಿ ಯಾಕೆ, ಇಲ್ಲೇ ಹಿತ್ಲಲ್ಲಿ ಮೂರು ಕಲ್ಲಿಟ್ರೆ ಆಯ್ತು.” ಆಮೇಲೆ ಹತ್ತಿರ ಸರಿದು, “ದೇವ್ರು ಉಂಡಿದ್ದಕ್ಕೆ ಮೈಲಿಗೆ ಇಲ್ಲ, ಅಲ್ವಾ?” ಎಂದರು.

“ಇಲ್ಲ.”

“ಧನುರ್ಮಾಸದಲ್ಲಿ ರಂಗನಾಥ ಏನು ಉಣ್ತಾನೆ?”

“ಬೆಳಗಿನ ಜಾವ ಹುಗ್ಗಿ. ಹೆಸರುಬೇಳೆ, ಮೆಣಸು, ಮೇಲೆ ತುಪ್ಪ.”

“ಮಧ್ಯಾಹ್ನ?”

“ಮೊಸರನ್ನ. ನರಸಿಂಹಸ್ವಾಮಿ ಗುಡಿಯಲ್ಲಿ ಪುಳಿಯೋಗರೆ. ಗಂಗಾಧರೇಶ್ವರನಲ್ಲಿ ಕಡಲೆಕಾಳು ಉಸಲಿ.”

ಅಲ್ಲಿಗೆ ನಾನು ಹೊಂದಿಸಿದ್ದ ನೋಟಗಳೆಲ್ಲ ತಲೆಕೆಳಗಾದವು. ಯಾವ ಗುಡಿಯಲ್ಲಿ ಯಾವ ಹೊತ್ತಿಗೆ ಏನು ಹಂಚುತ್ತಾರೋ ಅದರ ಮೇಲೆ ನಮ್ಮ ತಿರುಗಾಟ ನಿಂತಿತು. ಗಂಜಾಮಿನ ಅಂಜೂರಕ್ಕೂ ಅಪ್ಪಣೆಯಾಯಿತು, ಏಕೆಂದರೆ ಹಣ್ಣನ್ನು ಬೇಯಿಸಿದವನು ಸೂರ್ಯ. ಕಡಲೆಪುರಿಯ ವಿಚಾರದಲ್ಲಿ ನನಗೆ ಅನುಮಾನವಿತ್ತು. ಅತ್ತೆ ಬಾಯಿ ಮುಚ್ಚಿಸಿದರು. “ನಮ್ಮ ಕುಲುಮೆಗೆ ಯಾವ್ಯಾವ ಮನೆ ಮುರುಕು ಚೆಂಬು ಬರ್ತವೆ ಯೋಳು. ಕರಗಿದ ಮ್ಯಾಲೆ ಅದ್ಕೆ ಯಾವ ಜಾತಿ? ಬೆಂಕಿ ಕಂಡಿದ್ದಕ್ಕೆ ಮೈಲಿಗೆ ಇಲ್ಲ ಕಣೇ ಪಟ್ಣದವ್ವ.”

ಹೊರಟ ದಿನ ಕೂಸಿಗೆ ನಾನು ಹೊದಿಸಿದ್ದ ಬಟ್ಟೆಯನ್ನು ಕಂಡು ಜವರಯ್ಯ, “ಇದ್ರೊಳಗೆ ಮಗೀನೂ ಅದಾ, ಇಲ್ಲಾ ಬರೀ ಗಂಟಾ?” ಎಂದ. ಮೇಲುಕೋಟೆಯ ತಪ್ಪಲಿನ ಮಂಟಪದಲ್ಲಿ ರಾತ್ರಿ ಕಳೆದು, ಮರುದಿನ ಹೊತ್ತೇರುವಾಗ ಹಿರೋಡೆ ಮುಟ್ಟಿದೆವು. ಅಲ್ಲಿ ಸುಲ್ತಾನರ ದಂಡಿಗೆ ಸೇರಿದ ಪರಂಗಿ ಸಿಪಾಯಿಗಳ ಪಾಳೆಯವಿದೆ. ಅವರು ರೊಟ್ಟಿ ಸುಡುವ ವಾಸನೆ ದಾರಿಗೇ ಬರುತ್ತಿತ್ತು. ಅತ್ತೆ ಮೂಗರಳಿಸಿ ಕುಳಿತರು.

“ಅತ್ತೆ, ಬೇಡ” ಎಂದೆ.

“ವಾಸನೆಗೆ ಮೈಲಿಗೆ ಇಲ್ಲ ಬುಡವ್ವ.”

ಅಷ್ಟರಲ್ಲಿ ಕೂಸು ಸೀನಿತು. ಒಂದಲ್ಲ, ಮೇಲಿಂದ ಮೇಲೆ. ಮೂಗು ಕಟ್ಟಿ ಉಸಿರು ಗೊರಗೊರ ಎನ್ನಹತ್ತಿತು. ಹಾಲಿಗೆ ಬಾಯಿ ಹಾಕಿ ಬಿಟ್ಟು ಅತ್ತಿತು. “ನಾನು ಮೊದಲೇ ಹೇಳಿದ್ದೆ” ಎಂದು ನಾನೂ ಅತ್ತುಬಿಟ್ಟೆ. ಮುಂದೆ ಹೋಗುವುದೆಂದರೆ ಹೊಳೆಯ ನಡುವಿನ ಊರು, ಎರಡು ಕಡೆಯಿಂದಲೂ ಥಂಡಿ. ಊರಿಗೆ ಮರಳಿಬಿಡೋಣ ಎಂದೆ. ಯಜಮಾನರು ತಾಯಿಯ ಮುಖ ನೋಡಿದರು.

ಮೋಡವಿಲ್ಲದ ದಿನವಾದರೆ ಅಲ್ಲಿಂದಲೇ ಪಟ್ಟಣದ ಗೋಪುರ ಕಾಣುತ್ತದೆ. ಅತ್ತೆ ಆ ಕಡೆಗೊಮ್ಮೆ ಕಣ್ಣು ಕಿರಿದು ಮಾಡಿ ನೋಡಿ, “ತಿರುಗಿಸ್ಲಾ ಜವರಯ್ಯ” ಎಂದರು. “ಆನೆ ಎಲ್ಲೋಯ್ತದೆ. ಮಗ ಮೊದ್ಲು.”

ಸಿಟ್ಟಿಲ್ಲ, ಸೆಡವಿಲ್ಲ. ಆನೆ ಎಲ್ಲೂ ಹೋಗುವುದಿಲ್ಲ, ಸರಿಯೇ. ಮುಂದಿನ ಮಾಗಿಯ ಹೊತ್ತಿಗೆ ಅವರ ಕಣ್ಣು ಎಲ್ಲಿರುತ್ತದೆ ಎಂಬುದು ಗಾಡಿಯಲ್ಲಿ ಅವರಿಗೂ ನನಗೂ ಮಾತ್ರ ಗೊತ್ತಿತ್ತು. ಜವರಯ್ಯ ಎತ್ತುಗಳಿಗೆ ನೀರು ಕುಡಿಸಲು ಕೊರಳ ಕಣ್ಣಿ ಬಿಚ್ಚಿದ. ಅತ್ತೆ ಅಲ್ಲಿಯೇ ಯಾರದೋ ಹಿತ್ತಿಲಿನಿಂದ ದೊಡ್ಡಪತ್ರೆ ಕಿತ್ತು ತಂದರು. ಎಲೆಯನ್ನು ಕೆಂಡದಲ್ಲಿ ಬಾಡಿಸಿ, ಹಿಂಡಿ, ಒಂದು ತೊಟ್ಟು ರಸವನ್ನು ಕೂಸಿನ ನಾಲಗೆಗೆ ಸವರಿ, ಮಿಕ್ಕದ್ದನ್ನು ನೆತ್ತಿಗೆ ತಟ್ಟಿದರು. ನಾನು ಸುತ್ತಿದ್ದ ಬಟ್ಟೆಗಳಲ್ಲಿ ಅರ್ಧವನ್ನು ಬಿಚ್ಚಿ ಎಸೆದರು. “ಬೆವ್ತು ಬೆವ್ತು ಥಂಡಿ ಹಿಡಿದದೆ ಕಣವ್ವ. ಬೇಯಿಸ್ಬುಟ್ಟಿದ್ದೀಯ ಕೂಸ್ನ!”

ಕೂಸು ಒಂದು ದೊಡ್ಡ ಸೀನು ಸೀನಿತು. ಆ ಸೀನಿನಲ್ಲಿ ಬಂದದ್ದನ್ನೆಲ್ಲ ಅತ್ತೆಯೇ ತಮ್ಮ ಸೆರಗಿನಲ್ಲಿ ಒರೆಸಿದರು. ಆಮೇಲೆ ಅದು ಹೊಟ್ಟೆ ತುಂಬ ಹಾಲು ಕುಡಿದು, ಜವರಯ್ಯನ ಮೀಸೆಗೆ ಕೈ ಹಾಕಿತು.

“ಗಾಡಿ ಕಟ್ಟಣವ್ವಾ ಊರ ಕಡೀಕೆ?” ಎಂದು ಅವನು ಕೇಳಿದ.

ನನಗೆ ಇನ್ನೂ ಭಯವಿತ್ತು. ಕೂಸಿನ ಹಣೆ ಮುಟ್ಟಿ ನೋಡಿದೆ, ಬೆಚ್ಚಗಿರಲಿಲ್ಲ. ಮತ್ತೊಮ್ಮೆ ಮುಟ್ಟಿದೆ. ಆಮೇಲೆ, “ಪಟ್ಟಣಕ್ಕೆ ಕಟ್ಟಪ್ಪ” ಎಂದೆ. “ಬೇಗ ಹೊಡಿ. ಕೋಟೆ ಬಾಗಿಲು ಹಾಕಿಬಿಡ್ತಾರೆ.”

ಗಾಡಿ ಹತ್ತುವಾಗ ಅತ್ತೆ ನನ್ನ ಕೆನ್ನೆ ಹಿಂಡಿದರು. ದೊಡ್ಡಪತ್ರೆಯ ಘಾಟು ಸಂಜೆಯವರೆಗೂ ನನ್ನ ಮುಖದಲ್ಲಿತ್ತು.

ಪಟ್ಟಣದಲ್ಲಿ ಅತ್ತೆಯನ್ನು ಹಿಡಿಯಲು ಆಗಲಿಲ್ಲ. ಬೆಳಗಿನ ಜಾವದ ಹುಗ್ಗಿಗೆ ಎಲ್ಲರಿಗಿಂತ ಮುಂದೆ ನಿಂತರು. ಬಾಳೆಯೆಲೆಯ ಚೂರಿನ ಮೇಲೆ ಬಿದ್ದ ಬಿಸಿ ಹುಗ್ಗಿಯನ್ನು ಬಾಯಿಗಿಟ್ಟು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಿನಲ್ಲಿ ಗುಡಿಯ ಕಂಬಗಳನ್ನು ನೋಡುತ್ತ, ಮತ್ತೆ ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಹಂಚುವ ಭಟ್ಟರು, “ಆಗಲೇ ಬಂದಿದ್ಯಲ್ಲಮ್ಮ” ಎಂದರು.

“ಅದು ನನ್ನ ಪಾಲ್ದು ಸ್ವಾಮಿ. ಇದು ನನ್ನ ಯಜಮಾನ್ರ ಪಾಲ್ದು.”

“ಎಲ್ಲಿದ್ದಾರೆ ಅವರು?”

“ವೈಕುಂಠದಲ್ಲಿ. ಅಲ್ಲೂ ಇದ್ನೇ ಹಂಚ್ತಾರೇನೋ, ಆದ್ರೂ ಕೊಡಿ.”

ಭಟ್ಟರು ನಕ್ಕು ಎರಡು ಪಾಲು ಹಾಕಿದರು. ಮಿನಾರಿನ ಕೆಳಗೆ ನಿಂತು ಪಾರಿವಾಳಗಳನ್ನು ನೋಡಿ ನೋಡಿ ಅತ್ತೆಯ ಕತ್ತು ಉಳುಕಿತು. ನರಸಿಂಹಸ್ವಾಮಿಯ ಪುಳಿಯೋಗರೆಗೆ ಹುಣಸೆ ಹೆಚ್ಚಾಯಿತು ಎಂದರು, ಉಸಲಿಗೆ ಉಪ್ಪು ಸರಿಯಾಗಿದೆ ಎಂದರು. ಗಂಜಾಮಿನ ಅಂಜೂರ ಅವರ ಸೆರಗನ್ನೆಲ್ಲ ಕೆಂಪು ಮಾಡಿತು. ನಾನು ಅವರ ಹಿಂದೆ, ಒಂದು ಕೈಯಲ್ಲಿ ಕೂಸಿನ ಕಾಲ್ಗಡಗ ಹಿಡಿದುಕೊಂಡೇ ಪೇಟೆಯೆಲ್ಲ ಸುತ್ತಿದೆ. ಯಜಮಾನರು ಮಾತ್ರ ದೀಪ ಮಾರುತ್ತ ಗಂಜಾಮಿನಲ್ಲೇ ಉಳಿದರು.

ಕೊನೆಯ ಬೆಳಗ್ಗೆ ಆನೆ. ಜವರಯ್ಯನನ್ನು ಕರೆದುಕೊಂಡು ಹೊಳೆಯ ಮೆಟ್ಟಿಲಿಗೆ ಹೋದರೆ, ಹೊಳೆಯೇ ಇಲ್ಲ! ಅಷ್ಟು ಮಂಜು. ಎದುರಿಗೆ ಬೂದಿ ಎರಚಿದ ಹಾಗೆ. ಒಳಗೆಲ್ಲೋ ಗಂಟೆ, ನೀರು ಚಿಮ್ಮುವ ಸದ್ದು, ಮಾವುತನ ಕೂಗು.

“ಇಲ್ಲೂ ಸದ್ದೇ ನೋಡು ನನ್ನ ಹಣೇಲಿ ಬರ್ದಿರಾದು” ಎಂದು ಅತ್ತೆ ನಕ್ಕರು. ನಗು ಬೇಗ ನಿಂತಿತು. “ನಡಿಯವ್ವ. ಕೂಸು ನೆನೀತದೆ.”

ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕೂಸನ್ನು ಸೆರಗಿನೊಳಗೆ ಹಾಕಿಕೊಂಡೆ. ತೀರ ಬಿಗಿಯಾಗಿ ಅಲ್ಲ. “ಕೂತ್ಕೊಳ್ಳಿ ಅತ್ತೆ. ಬಿಸಿಲು ಬರಲಿ” ಎಂದೆ. ಕಡಲೆಪುರಿಯ ಗಂಟು ಬಿಚ್ಚಿದೆ. ಮೂವರೂ ತಿನ್ನುತ್ತ ಕಾದೆವು.

ಮಂಜು ಮೇಲಿನಿಂದಲ್ಲ, ನೀರಿನ ಕಡೆಯಿಂದ ಹರಿಯಿತು. ಮೊದಲು ನಾಲ್ಕು ಕಂಬ ಕಂಡವು. ಕಂಬಗಳು ನಡೆದವು. ಆಮೇಲೆ ಹೊಟ್ಟೆ, ಆಮೇಲೆ ಕಿವಿ. ಕಲ್ಲೆಸೆದರೆ ಬೀಳುವಷ್ಟು ಹತ್ತಿರದಲ್ಲೇ ಇತ್ತು. ಅತ್ತೆ ಎಡಗಣ್ಣು ಮುಚ್ಚಿಕೊಂಡು ಎದ್ದು ನಿಂತರು. ತೆಂಗಿನ ನಾರು ಹಿಡಿದು ಆನೆಯ ಬೆನ್ನು ಉಜ್ಜುತ್ತಿದ್ದ ಮಾವುತನನ್ನು ನೋಡಿ, “ಹುಣಸೇಹಣ್ಣು ಹಾಕಿ ಉಜ್ಜಪ್ಪಾ, ಹೊಳೀತದೆ!” ಎಂದು ಕೂಗಿದರು.

ಮಾವುತ ಏನೋ ಅಂದ. ಆನೆ ಮಂಡಿಯೂರಿತು.

ಅತ್ತೆಯ ಬಾಯಿಗೆ ಹೋಗುತ್ತಿದ್ದ ಪುರಿ ಅಲ್ಲೇ ನಿಂತಿತು. ನನಗೂ ಕಂಡಿತು. ದನ ಮಲಗುವಾಗ ಹಿಂಗಾಲು ಹೊಟ್ಟೆಯ ಕೆಳಗೆ ಮಡಚಿ ಗೊರಸು ಮುಂದಕ್ಕೆ ಬರುತ್ತದೆ. ಆನೆಯದು ಹಾಗಿರಲಿಲ್ಲ. ನಾವು ದೇವರ ಮುಂದೆ ಊರುತ್ತೇವಲ್ಲ, ಹಾಗೇ ಮಂಡಿಯನ್ನು ನೆಲಕ್ಕೆ ಊರಿ ಪಾದವನ್ನು ಹಿಂದಕ್ಕೆ ಚಾಚಿತ್ತು. ನಮ್ಮ ಮನೆಯ ಆನೆಗಳೆಲ್ಲ, ಅತ್ತೆಯ ಮಾವನ ಕಾಲದಿಂದ, ಹಸುವಿನ ಕಾಲಿನ ಮೇಲೆ ಕುಳಿತಿದ್ದವು.

“ಅಯ್ಯೋ ಕಾಳಮ್ಮ ತಾಯಿ!” ಅತ್ತೆ ತೊಡೆ ತಟ್ಟಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಎಮ್ಮೇನೇ ಮಾಡಿದ್ದೆ ಕಣವ್ವ! ಇಷ್ಟು ವರ್ಸ ದೇವ್ರ ಮುಂದೆ ಎಮ್ಮೆ ಕೂರ್ಸಿವ್ನಿ!”

ನಗುನಗುತ್ತಲೇ ಕೆಳಗಿನ ಮೆಟ್ಟಿಲಿಗಿಳಿದು, ಹೊಳೆಯ ಜೇಡಿಮಣ್ಣನ್ನು ಕೈತುಂಬ ಬಾಚಿ ತಂದರು. ಅಷ್ಟರಲ್ಲಿ ಆನೆ ಎದ್ದು ಆಳದ ಕಡೆ ಹೊರಟಿತ್ತು.

“ಜವರಯ್ಯ, ಮಂಡಿ ಊರ್ಲಾ!”

“ನಾನ್ಯಾಕವ್ವಾ? ನಾನೇನು ಆನೆಯಾ?”

“ಹಿಂದ್ಗಡೆ ಥೇಟ್ ಅಂಗೇ ಇದೀಯ. ಊರು ಅಂದ್ರೆ ಊರು.”

ಜವರಯ್ಯ ಬೈದುಕೊಳ್ಳುತ್ತ ಒದ್ದೆ ಕಲ್ಲಿನ ಮೇಲೆ ಮಂಡಿಯೂರಿದ. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತರು. ಅತ್ತೆ ಅವನ ಕಾಲನ್ನು ನೋಡಿ ನೋಡಿ ಮಣ್ಣಿನಲ್ಲಿ ಒಂದು ಆನೆ ತಿದ್ದಿದರು. ಹಿಂಗಾಲನ್ನು ಎರಡು ಸಲ ಕಿತ್ತು ಮತ್ತೆ ಇಟ್ಟರು. ಅದು ಸರಿಬಂದ ಮೇಲೆ ನನ್ನ ಮಡಿಲಲ್ಲಿಟ್ಟರು. ಇನ್ನೊಂದು ಉಂಡೆ ಮಣ್ಣು ತೆಗೆದುಕೊಂಡು, ಈ ಸಲ ಎರಡೂ ಕಣ್ಣು ಮುಚ್ಚಿಕೊಂಡರು. ಬೆರಳುಗಳು ಮಾತ್ರ ಆಡಿದವು. ಬೆನ್ನು ಬಂತು, ಸೊಂಡಿಲು ಬಂತು, ಹಿಂದಕ್ಕೆ ಚಾಚಿದ ಪಾದ ಬಂತು.

“ನೋಡವ್ವ, ಸರಿಯಾಗದಾ?” ಎಂದು ಕಣ್ಣು ತೆರೆಯದೆಯೇ ಕೇಳಿದರು.

ಎರಡನ್ನೂ ಪಕ್ಕಪಕ್ಕಕ್ಕೆ ಹಿಡಿದು ನೋಡಿದೆ. ಯಾವುದನ್ನು ನೋಡಿಕೊಂಡು ಮಾಡಿದ್ದು, ಯಾವುದನ್ನು ನೋಡದೆ ಮಾಡಿದ್ದು ಎಂದು ನನಗೆ ತಿಳಿಯಲಿಲ್ಲ.

“ಸರಿಯಾಗಿದೆ ಅತ್ತೆ.”

“ಅಂಗಾದ್ರೆ ಇನ್ನೊಂದು ಮಾಡ್ತೀನಿ, ಕೈಗೆ ಕೂತ್ಕಳ್ಲಿ” ಎಂದು ಅತ್ತೆ ಮತ್ತೆ ಮಣ್ಣಿಗೆ ಬಾಗಿದರು.

“ಅವ್ವೋ, ನಾನು ಏಳ್ಬೋದಾ?” ಎಂದ ಜವರಯ್ಯ.

“ಅಲ್ಲಾಡ್ಬ್ಯಾಡ ಕಣ್ಲಾ!”