ನೆಲ ನಡುಗುವ ಹೊತ್ತಿಗೆ ಬಂದ ಬೀಗರು

ನಮ್ಮ ಮನೆಯ ಗೋಡೆಯ ಮೇಲೆ ಹಿರಿಯರ ಫೋಟೊಗಳು ಒಂದು ದಿನವೂ ನೆಟ್ಟಗೆ ನಿಂತದ್ದಿಲ್ಲ. ಇದು ಹಿರಿಯರ ದೋಷವಲ್ಲ, ಊರಿನದು. ಲಿಂಗಸುಗೂರಿನ ಆಚೆಗಿರುವ ನಮ್ಮದು ಚಿನ್ನದ ಗಣಿಯ ಊರು. ದಿನಾ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಪಾತಾಳದಲ್ಲಿ ಸಿಡಿಮದ್ದು ಹಾರಿಸುತ್ತಾರೆ, ಮೇಲೆ ನಮ್ಮ ಅಜ್ಜಂದಿರು ವಾಲುತ್ತಾರೆ.

ಊರಿನ ಇತಿಹಾಸವೂ ಹೆಚ್ಚುಕಡಿಮೆ ಇಷ್ಟೇ. ಹೆಸರೂ ಉಳಿಯದ ಯಾರೋ ಪುರಾತನರು ಬಂಡೆಗೆ ಬೆಂಕಿ ಹಚ್ಚಿ, ಕಾದ ಮೇಲೆ ನೀರು ಸುರಿದು ಸೀಳಿ ಚಿನ್ನ ತೆಗೆದರಂತೆ. ನಿಜಾಮನ ಕಾಲಕ್ಕೆ ಬಿಳಿಯ ಸಾಹೇಬರು ಬಂದು ಇನ್ನೂ ಆಳಕ್ಕೆ ಇಳಿದರು. ಈಗ ನಮ್ಮವರೇ ಇಳಿಯುತ್ತಾರೆ. ಬಂದವರೆಲ್ಲ ಕೆಳಗೆ ಹೋದರು, ಚಿನ್ನ ಮೇಲೆ ಬಂದು ನಮ್ಮನ್ನು ದಾಟಿ ಎಲ್ಲಿಗೋ ಹೋಯಿತು, ನಮ್ಮ ಪಾಲಿಗೆ ಕಂಪನ ಉಳಿಯಿತು. ಅದಕ್ಕೆ ತಕ್ಕ ಶಿಷ್ಟಾಚಾರವನ್ನೂ ನಾವು ರೂಢಿಸಿಕೊಂಡಿದ್ದೇವೆ: ಹೊತ್ತಾಯಿತೆಂದರೆ ಚಹಾದ ಕಪ್ಪು ನೆಲದಿಂದ ಎತ್ತಿಕೊಳ್ಳುವುದು, ಯಾರಾದರೊಬ್ಬರು ಪಾತ್ರೆಗಳ ಶೆಲ್ಫು ಹಿಡಿಯುವುದು, ಮಾತು ಮಾತ್ರ ನಿಲ್ಲಿಸದಿರುವುದು.

ಸಿಂಧನೂರಿನವರಿಗೆ ಈ ಶಿಷ್ಟಾಚಾರ ಎಲ್ಲಿಂದ ಗೊತ್ತಿರಬೇಕು? ಅಲ್ಲಿಯ ರೈಸ್ ಮಿಲ್ಲಿನ ಮನೆತನದವರು ನನ್ನ ಮಗಳು ಶಾಂತಾಳನ್ನು ನೋಡಲು ಬಂದಿದ್ದರು. ಹಿಂದಿನ ಸಂಬಂಧ ಗೋಡೆಯ ಬಿರುಕು ನೋಡಿಯೇ ತಪ್ಪಿಹೋಗಿತ್ತಾದ್ದರಿಂದ, ಈ ಸಲ ಸಿಡಿಮದ್ದಿಗೆ ಮುಂಚೆಯೇ ಅವರನ್ನು ಕಾರು ಹತ್ತಿಸಿ ಕಳಿಸಬೇಕೆಂದು ನಾನು ಕಂಕಣ ಕಟ್ಟಿಕೊಂಡಿದ್ದೆ. ಆದರೆ ವರನ ತಂದೆಗೆ ನಮ್ಮ ಮನೆಯ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಅತಿಯಾಗಿ ಹಿಡಿಸಿ, ಅವರು ಮತ್ತೊಮ್ಮೆ ತಟ್ಟೆ ಚಾಚಿದರು. ಹೆಂಡತಿಯ ಕೈರುಚಿಯನ್ನು ನಾನು ಮನಸ್ಸಿನಲ್ಲೇ ಶಪಿಸಿದ್ದು ಅದೊಂದೇ ಸಲ.

ನೆಲ ಗುಡುಗಿತು, ಕಿಟಕಿಗಳು ಗಡಗಡಿಸಿದವು. "ಯಪ್ಪೋ, ಭೂಕಂಪ!" ಎನ್ನುತ್ತ ವರನ ತಂದೆ ತಟ್ಟೆಯ ಸಮೇತ ಅಂಗಳಕ್ಕೆ ಹಾರಿದರು. ವರಮಹಾಶಯ ತಂದೆಯನ್ನೂ ಹಿಂದೆ ಹಾಕಿ, ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ. ಮಂಡಿನೋವಿನ ಅವನ ತಾಯಿ ಚಾಪೆಯ ಮೇಲೆ ಕೂತಲ್ಲೇ ಉಳಿದರು. ಶಾಂತಾ ಒಂದು ಕೈಯಲ್ಲಿ ಶೆಲ್ಫು ಹಿಡಿದು, ಇನ್ನೊಂದರಲ್ಲಿ ಅವರ ಚಹಾದ ಕಪ್ಪನ್ನು ಹನಿ ಚೆಲ್ಲದಂತೆ ಎತ್ತಿ ಹಿಡಿದಿದ್ದಳು.

"ಇದು ದಿನಾ ಆಗೋದ್ರೀ, ಏನೂ ಆಗಂಗಿಲ್ಲ" ಎಂದು ನಾನು ತೊದಲಿದೆ. ಮಗಳು ತೊದಲಲಿಲ್ಲ.

"ಅಪ್ಪಾ, ಹಡದವ್ವನ್ನ ಬಿಟ್ಟು ಓಡಾಂವ ನನಗ ಬ್ಯಾಡ."

ಈ ಸಂಬಂಧವೂ ಮುಗಿಯಿತೆಂದು ನನ್ನ ಎದೆ ಕುಸಿಯಿತು; ಅಷ್ಟೇ ಜೋರಾಗಿ, ಮಗಳ ಮೇಲೆ ಹೆಮ್ಮೆಯೂ ಆಯಿತು. ಆ ತಾಯಿ ಅವಳ ಕೈಯಿಂದ ಕಪ್ಪು ತೆಗೆದುಕೊಂಡು ಒಂದು ಗುಟುಕು ಕುಡಿದರು. ಕಿಟಕಿಯಾಚೆ ತಟ್ಟೆ ಹಿಡಿದು ನಿಂತ ಗಂಡನನ್ನು ಬಹಳ ಹೊತ್ತು ನೋಡಿದರು.

"ನೀ ಪುಣ್ಯಾ ಮಾಡೀದಿ ಬಿಡವ್ವಾ" ಎಂದರು. "ಇವ್ರು ನನ್ನ ನೋಡಾಕ ಬಂದ ದಿನ ನಮ್ಮ ತವರು ಬಳಗಾನೂರಾಗ ನೆಲ ನಡಗಲೇ ಇಲ್ಲ."